ಮೈದಾನದ ಸಭೆಗೆ ನಾಲ್ಕು ಉಲ್ಲೇಖಗಳು

ಜಗಳವಿದ್ದದ್ದು ಒಂದೇ ವಾಕ್ಯದ ಮೇಲೆ. 'ಸಮಿತಿಯ ಕಾರ್ಯದರ್ಶಿ ಸರ್ಕಾರದೊಂದಿಗೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡು ಚಳವಳಿಗೆ ದ್ರೋಹ ಬಗೆದರು; ಮೈದಾನದಲ್ಲಿ ನಡೆದ ಬಹಿರಂಗ ಸಭೆ ಅವರನ್ನು ಒಕ್ಕೊರಲಿನಿಂದ ಖಂಡಿಸಿತು; ಸಭೆಗೆ ಬಂದು ಉತ್ತರಿಸುವ ಧೈರ್ಯವನ್ನೂ ಅವರು ತೋರಲಿಲ್ಲ.' ವಾಕ್ಯದ ಕೊನೆಯಲ್ಲಿ ನಾಲ್ಕು ಉಲ್ಲೇಖಗಳಿದ್ದವು. ನಾಲ್ಕೂ ಆ ಕಾಲದ ಕನ್ನಡ ದಿನಪತ್ರಿಕೆಗಳು.

ಅಂತರ್ಜಾಲದಲ್ಲಿ ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಕನ್ನಡ ವಿಶ್ವಕೋಶವೊಂದರ ನಿರ್ವಾಹಕರಲ್ಲಿ ನಾನೂ ಒಬ್ಬ. ಪತ್ರಿಕೆಯ ಸುದ್ದಿ ತಿದ್ದುವ ಡೆಸ್ಕಿನಿಂದ ನಿವೃತ್ತನಾದ ಮೇಲೆ ಹಿಡಿದ ಕೆಲಸ, ಸಂಬಳವಿಲ್ಲ. ನಿರ್ವಾಹಕ ಎಂದರೆ ಉಳಿದ ಸಂಪಾದಕರಿಗಿಂತ ದೊಡ್ಡವನೇನಲ್ಲ. ಅವನ ಪರದೆಯ ಮೇಲೆ ಒಂದೆರಡು ಗುಂಡಿ ಹೆಚ್ಚಿರುತ್ತವೆ, ಅಷ್ಟೆ. ಜಗಳ ಮಿತಿಮೀರಿದರೆ ಪುಟಕ್ಕೆ ಬೀಗ ಹಾಕಬಲ್ಲ. ಯಾರ ಮಾತು ಸರಿ ಎಂದು ತೀರ್ಪು ಕೊಡುವ ಅಧಿಕಾರ ಅವನಿಗಿಲ್ಲ. ಹೊರಗಿನವರಿಗೆ ಇದನ್ನು ಅರ್ಥ ಮಾಡಿಸುವುದೇ ಕಷ್ಟ.

ಆ ಪುಟ ಪಶ್ಚಿಮ ಬೆಂಗಳೂರಿನ ಒಂದು ಹಳೆಯ ಹೋರಾಟದ ಬಗ್ಗೆ ಇತ್ತು. ಕಾರ್ಖಾನೆಗಳ ಸುತ್ತ ಶೆಡ್ಡುಗಳಲ್ಲಿ ಬಾಳುತ್ತಿದ್ದ ಕಾರ್ಮಿಕರು ನಿವೇಶನ ಕೇಳಿ ನಡೆಸಿದ ಚಳವಳಿ ಅದು. ಸಮಿತಿಯ ಅಧ್ಯಕ್ಷರು ಒಂದು ಪಕ್ಷದವರು, ಮುಂದೆ ಶಾಸಕರಾದರು. ಅವರ ಪಕ್ಷ ಈಗಲೂ ಈ ಭಾಗದಲ್ಲಿ ತನ್ನ ಕಥೆಯನ್ನು ಆ ಚಳವಳಿಯಿಂದಲೇ ಶುರುಮಾಡುತ್ತದೆ. ಕಾರ್ಯದರ್ಶಿ ಇನ್ನೊಂದು ಪಕ್ಷದ ಕಡೆಯವರು. ಒಪ್ಪಂದದ ನಂತರ ರಾಜಕೀಯ ಬಿಟ್ಟು ಅಂಗಡಿ ಇಟ್ಟುಕೊಂಡರು, ಕೆಲವು ವರ್ಷಗಳ ಹಿಂದೆ ತೀರಿಕೊಂಡರು. ಬದುಕಿರುವವರ ಬಗ್ಗೆ ಬರೆಯುವಾಗ ನಮ್ಮ ನಿಯಮ ಬಹಳ ಬಿಗಿ. ಆಧಾರ ಸಡಿಲವಿದ್ದರೆ ಚರ್ಚೆಯಿಲ್ಲದೆ ತೆಗೆದುಹಾಕಬಹುದು. ತೀರಿಕೊಂಡವರಿಗೆ ಆ ರಕ್ಷಣೆ ಇಲ್ಲ.

ಚುನಾವಣೆ ಹತ್ತಿರವಾಗುತ್ತಿತ್ತು. ಆ ಕಾಲದಲ್ಲಿ ಹಳೆಯ ಪುಟಗಳು ತಾವಾಗಿಯೇ ಬಿಸಿಯಾಗುತ್ತವೆ. ಒಬ್ಬರು ಆ ವಾಕ್ಯವನ್ನು ಅಳಿಸುವುದು, ಇನ್ನೊಬ್ಬರು ಮರಳಿ ಹಾಕುವುದು ನಡೆದಿತ್ತು. ಅಳಿಸುವವರು ಹೆಸರು ನೋಂದಾಯಿಸಿರಲಿಲ್ಲ, ಕಾರಣವನ್ನೂ ಬರೆಯುತ್ತಿರಲಿಲ್ಲ. ಮರಳಿ ಹಾಕುವವರು ಪಳಗಿದ ಕೈ. ಪ್ರತಿ ಸಲವೂ ತಿದ್ದುಪಡಿಯ ಸಾರಾಂಶದ ಪೆಟ್ಟಿಗೆಯಲ್ಲಿ 'ಉಲ್ಲೇಖವಿರುವ ಮಾಹಿತಿ ಅಳಿಸಬೇಡಿ' ಎಂದು ಬರೆದು ಹೋಗುತ್ತಿದ್ದರು. ನಾನು ಬೀಗ ಹಾಕಿದೆ. ಬೀಗ ಹಾಕುವ ಗಳಿಗೆಯಲ್ಲಿ ಪುಟ ಹೇಗಿದೆಯೋ ಹಾಗೆಯೇ ನಿಲ್ಲುತ್ತದೆ, ಯಾವ ರೂಪ ಉಳಿಯಬೇಕೆಂದು ಆರಿಸುವ ಹಾಗಿಲ್ಲ. ಆ ವಾಕ್ಯ ಪುಟದ ಮೇಲೆಯೇ ಉಳಿಯಿತು.

ಮರುದಿನ ಬೆಳಿಗ್ಗೆ ವಿಜಯನಗರದ ನಮ್ಮ ಮನೆಯ ಕರೆಗಂಟೆ ಸದ್ದು ಮಾಡಿತು. ಬಂದಾಕೆ ನನ್ನ ಹೆಂಡತಿಯ ಜೊತೆ ಪಾರ್ಕಿನಲ್ಲಿ ನಡೆಯುವ ಗೆಳತಿ. ಪಿಯು ಕಾಲೇಜಿನಲ್ಲಿ ಇತಿಹಾಸದ ಉಪನ್ಯಾಸಕಿ. ಹಬ್ಬ ಹುಣ್ಣಿಮೆಗೆ ಮನೆಗೆ ಬರುವವರು. ಆ ದಿನ ಹೆಂಡತಿಯನ್ನು ದಾಟಿ ನೇರ ನನ್ನ ಮುಂದೆ ಬಂದು ಕುಳಿತರು.

"ಸಾರ್, ಆ ನಿವೇಶನ ಹೋರಾಟದ ಪುಟಕ್ಕೆ ಬೀಗ ಹಾಕಿರೋದು ನೀವೇನಾ?"

"ಹೌದಮ್ಮ. ಯಾಕೆ?"

"ಅಳಿಸ್ತಾ ಇದ್ದೋಳು ನಾನು. ಆ ಕಾರ್ಯದರ್ಶಿ ನಮ್ಮ ತಂದೆ."

ಅಡುಗೆಮನೆಯಲ್ಲಿ ಲೋಟದ ಸದ್ದು ನಿಂತಿತು. ಆಕೆ ಚೀಲದಿಂದ ಪ್ಲಾಸ್ಟಿಕ್ ಹೊದಿಕೆಯ ಒಂದು ಪ್ರಾಜೆಕ್ಟ್ ತೆಗೆದು ಟೀಪಾಯಿಯ ಮೇಲಿಟ್ಟರು. 'ನಮ್ಮ ಬಡಾವಣೆಯ ಇತಿಹಾಸ' ಎಂದು ಬಣ್ಣದ ಪೆನ್ನಿನಲ್ಲಿ ಬರೆದಿತ್ತು. ಒಳಗೆ ನಮ್ಮ ಪುಟ, ಆ ವಾಕ್ಯದ ಸಮೇತ.

"ನನ್ನ ಸ್ಟೂಡೆಂಟ್ ಪ್ರಿಂಟ್ ತೆಗೆದು ನನ್ನ ಕೈಗೇ ಕೊಟ್ಟ ಸಾರ್. ಅವನಿಗೇನು ಗೊತ್ತು ಪಾಪ. ಚೆನ್ನಾಗಿ ಮಾಡಿದಾನೆ. ನಾನೀಗ ಇದಕ್ಕೆ ಮಾರ್ಕ್ಸ್ ಹಾಕ್ಬೇಕು."

ಪ್ರಾಜೆಕ್ಟನ್ನು ಎತ್ತಿಕೊಂಡು ಆ ಪುಟ ಓದಿದೆ. ಆಮೇಲೆ ನಾನು ಕೇಳಬೇಕಾದ್ದನ್ನು ಕೇಳಿದೆ. "ನಿಮ್ಮ ತಂದೆ ಸಹಿ ಹಾಕಿದ್ದು ನಿಜವಾ?"

"ಹಾಕಿದ್ರು."

"ಹಾಗಾದ್ರೆ ಅಷ್ಟು ಭಾಗ ಹೋಗಲ್ಲ."

"ಅದನ್ನ ತೆಗೀರಿ ಅಂತ ನಾನು ಹೇಳ್ತಿಲ್ಲ ಸಾರ್. ದ್ರೋಹ, ಧೈರ್ಯ ಇಲ್ಲ, ಇವೆಲ್ಲ ಯಾರು ಹೇಳಿದ್ದು? ವಿಶ್ವಕೋಶ ಹೇಳ್ತಾ ಇದ್ಯಾ?"

ಪ್ರಶ್ನೆ ಸರಿಯಾಗಿತ್ತು. ಪತ್ರಿಕೆಯಲ್ಲಿ ಹೊಸಬರು ಬರೆದು ತಂದ ಸುದ್ದಿಗೆ ನಾವು ಕೇಳುತ್ತಿದ್ದ ಮೊದಲ ಪ್ರಶ್ನೆಯೇ ಅದು. ಯಾರು ಹೇಳಿದ್ದು? ಆದರೆ ಉತ್ತರವಾಗಿ ನಾಲ್ಕು ಪತ್ರಿಕೆಗಳು ಅಲ್ಲಿಯೇ ಕುಳಿತಿದ್ದವು. ನೋಡುತ್ತೇನೆ ಎಂದಷ್ಟೇ ಹೇಳಿ ಕಳಿಸಿದೆ. ಬಾಗಿಲು ಹಾಕಿಕೊಂಡು ಬಂದ ಹೆಂಡತಿ ಎದುರಿಗೆ ನಿಂತಳು.

"ಇಷ್ಟೊಂದು ವರ್ಷದಿಂದ ಸಂಕ್ರಾಂತಿಗೆ ಅವಳು ಎಳ್ಳು ತಂದು ಕೊಡ್ತಾಳೆ. ತಿನ್ನೋವಾಗ ಉಲ್ಲೇಖ ಎಲ್ಲಿ ಅಂತ ಕೇಳಿದ್ರಾ ರೀ?"

ನನಗೆ ನಗು ಬಂತು. ಆಮೇಲೆ ನಗು ನಿಂತಿತು. ಅವಳು ಆಡಿದ್ದು ಕೊಂಕು, ನನಗೆ ಕೇಳಿಸಿದ್ದು ನಿಯಮ. ಒಂದು ಪುಟದಲ್ಲಿ ಬರುವ ವ್ಯಕ್ತಿಯ ಮನೆಯವರೊಡನೆ ಒಡನಾಟವಿದ್ದರೆ ಸಂಪಾದಕ ಅದನ್ನು ತೆರೆದು ಹೇಳಬೇಕು. ಬೇರೆಯವರಿಂದ ಈ ಘೋಷಣೆಯನ್ನು ಎಷ್ಟೋ ಸಲ ಗಟ್ಟಿಯಾಗಿ ಕೇಳಿ ಪಡೆದವನು ನಾನು. ಹೇಳದೆ ಇದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬೀಗದ ಕೈ ನನ್ನ ಬಳಿಯೇ ಇರುತ್ತಿತ್ತು. ವಾಕ್ಯವನ್ನು ಮೆದುವಾಗಿ ತಿದ್ದಿ, 'ಭಾಷೆ ಸುಧಾರಣೆ' ಎಂದು ಸಾರಾಂಶ ಬರೆದು ಮುಗಿಸಬಹುದಿತ್ತು.

ಉಪನ್ಯಾಸಕಿಗೆ ಫೋನ್ ಮಾಡಿ, ಪರಿಚಯವನ್ನು ಬಹಿರಂಗ ಮಾಡಲು ಒಪ್ಪಿಗೆ ಕೇಳಿದೆ. ಆಕೆಯೂ ಹೆಸರು ನೋಂದಾಯಿಸಿ ತಾನು ಯಾರೆಂದು ಹೇಳಿಕೊಳ್ಳಬೇಕು, ಇನ್ನು ಮುಂದೆ ಪುಟವನ್ನು ಮುಟ್ಟದೆ ಪ್ರತಿ ಪುಟದ ಬೆನ್ನಿಗೂ ಇರುವ ಚರ್ಚಾ ಪುಟದಲ್ಲಿ ಮಾತ್ರ ಬರೆಯಬೇಕು ಎಂದೆ. "ಅಲ್ಲಿ ಎಲ್ರೂ ಬೈತಾರಲ್ಲ ಸಾರ್" ಎಂದರು. "ಬೈತಾರೆ" ಎಂದೆ. ಆದರೂ ಒಪ್ಪಿದರು. ನಾನು ಚರ್ಚಾ ಪುಟದಲ್ಲಿ ಹೀಗೆ ಬರೆದೆ:

'ಈ ಪುಟದಲ್ಲಿ ಬರುವ ಕಾರ್ಯದರ್ಶಿಯವರ ಮಗಳು ನಮ್ಮ ಕುಟುಂಬಕ್ಕೆ ಪರಿಚಿತರು. ಪ್ರತಿ ಸಂಕ್ರಾಂತಿಗೆ ಅವರ ಮನೆಯಿಂದ ನಮ್ಮ ಮನೆಗೆ ಎಳ್ಳು ಬರುತ್ತದೆ. ಬೀಗ ಹಾಕುವಾಗ ಈ ಸಂಬಂಧ ನನಗೆ ತಿಳಿದಿರಲಿಲ್ಲ. ಈಗ ತಿಳಿದಿರುವುದರಿಂದ ಈ ಪುಟದ ಮಟ್ಟಿಗೆ ನಿರ್ವಾಹಕನ ಯಾವ ಗುಂಡಿಯನ್ನೂ ಒತ್ತುವುದಿಲ್ಲ. ಪುಟವನ್ನು ನೇರವಾಗಿ ತಿದ್ದುವುದೂ ಇಲ್ಲ. ಚರ್ಚೆಯಲ್ಲಿ ಮಾತ್ರ ಭಾಗವಹಿಸುತ್ತೇನೆ.'

ಬೀಗದ ಹೊಣೆಯನ್ನು ಕರಾವಳಿಯ ಇನ್ನೊಬ್ಬ ನಿರ್ವಾಹಕರಿಗೆ ಒಪ್ಪಿಸಿದೆ. ಈ ಪ್ರಸಂಗದಲ್ಲಿ ನಾನು ತೆಗೆದುಕೊಂಡ ದೊಡ್ಡ ನಿರ್ಧಾರ ಇದೊಂದೇ. ಉಳಿದದ್ದೆಲ್ಲ ಇದರಿಂದ ಬಂತು.

ಮೊದಲು ಬಂದದ್ದು ಗೇಲಿ. 'ಎಳ್ಳು ನಿರ್ವಾಹಕ' ಎಂದು ಒಬ್ಬರು ಕರೆದರು. 'ಬೆಲ್ಲ ಎಷ್ಟು, ಕೊಬ್ಬರಿ ಎಷ್ಟು?' ಎಂದು ಮತ್ತೊಬ್ಬರು. ಕಾರ್ಯದರ್ಶಿಯ ಪಕ್ಷದ ಕಡೆಯವರಿಗೂ ಸುದ್ದಿ ಮುಟ್ಟಿ, 'ತ್ಯಾಗಮಯಿ', 'ಕಾರ್ಮಿಕರ ಕಣ್ಮಣಿ' ಎಂಬ ಮಾತುಗಳನ್ನು ಪುಟಕ್ಕೆ ಸೇರಿಸಬೇಕೆಂದು ಕೋರಿಕೆಗಳು ಬಂದವು. ಇವಕ್ಕೂ ಆಧಾರ ಕೇಳಿದೆ. ಯಾರೂ ಕೊಡಲಿಲ್ಲ. ಎರಡೂ ಕಡೆಯವರು ಬೈದರೆ ನಾವು ಸರಿಯಾಗಿದ್ದೇವೆ ಎಂದು ಹೇಳುವ ಅಭ್ಯಾಸ ಪತ್ರಿಕೆಯವರಲ್ಲಿದೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಕೆಟ್ಟದಾಗಿ ಬರೆದರೂ ಎರಡೂ ಕಡೆಯವರು ಬೈಯುತ್ತಾರೆ.

ವಾಕ್ಯವನ್ನು ಮರಳಿ ಹಾಕುತ್ತಿದ್ದವರು ಮಾತ್ರ ಗೇಲಿ ಮಾಡಲಿಲ್ಲ. 'ಘೋಷಣೆಗೆ ಧನ್ಯವಾದ. ಉಲ್ಲೇಖಗಳ ಬಗ್ಗೆ ನಿಮ್ಮ ಆಕ್ಷೇಪವೇನು ಎಂದು ತಿಳಿಸಿ' ಎಂದು ಬರೆದರು. ನಾಲ್ಕೂ ಪತ್ರಿಕೆಗಳನ್ನು ಕಣ್ಣಾರೆ ನೋಡಿದ್ದೀರಾ ಎಂದು ಕೇಳಿದೆ. ಉತ್ತರ ತಡವಾಗಿ ಬಂತು: 'ಭೇಟಿಯಾಗಬಹುದೇ?'

ಮೆಟ್ರೋ ನಿಲ್ದಾಣದ ಹತ್ತಿರದ ದರ್ಶಿನಿಯಲ್ಲಿ ಭೇಟಿಯಾದೆವು. ಮೂವತ್ತು ದಾಟಿದ ವಕೀಲ. ಉತ್ತರ ಕರ್ನಾಟಕದಿಂದ ಕಾನೂನು ಓದಲು ಬಂದು ನಾಗರಬಾವಿಯಲ್ಲೇ ನೆಲೆಯೂರಿದವರು. ಕೋರ್ಟಿನಿಂದ ಬರುತ್ತಿದ್ದರು, ಬಿಳಿ ಅಂಗಿಯ ಮೇಲೆ ಕೊರಳಿನ ಬ್ಯಾಂಡ್ ತೆಗೆದ ಗುರುತು ಇನ್ನೂ ಇತ್ತು.

"ನಮಸ್ಕಾರ್ರಿ ಸರ. ಎಳ್ಳಿನ ಸರ ನೀವ ಅಲ್ರಿ?"

"ನಾನೇ. ಕಾಫಿ ನನ್ನ ಲೆಕ್ಕ ಅಂದ್ರೆ ಅದನ್ನೂ ಚರ್ಚಾ ಪುಟದಲ್ಲಿ ಬರೀಬೇಕಾಗುತ್ತೆ."

"ಬ್ಯಾಡ್ರಿ, ನಂದ ನಾ ಕೊಡ್ತೀನಿ" ಎಂದು ನಕ್ಕು ಟೋಕನ್ ತರಲು ಹೋದರು. ನಿಂತು ಕುಡಿಯುವ ಮೇಜಿನ ಬಳಿ ಮಾತು ಶುರುವಾಯಿತು. ಪತ್ರಿಕೆಗಳನ್ನು ಅವರು ನೋಡಿರಲಿಲ್ಲ. ಪಕ್ಷ ಹೊರತಂದ ಸ್ಮರಣ ಸಂಚಿಕೆಯಲ್ಲಿ ಆ ತುಣುಕುಗಳ ಫೋಟೋ ಇತ್ತು, ಅದರಿಂದ ತೆಗೆದದ್ದು.

"ನಾಲ್ಕ ಪೇಪರ್ ಸುಳ್ಳ ಹೇಳ್ತಾವೇನ್ರಿ ಸರ?"

"ಸುಳ್ಳು ಅಂತ ನಾನು ಹೇಳ್ಲಿಲ್ಲ. ನೋಡದೆ ಇರೋದನ್ನ ಉಲ್ಲೇಖ ಅಂತ ಹಾಕ್ಬಾರ್ದು ಅಂದೆ. ಇಬ್ರೂ ಒಟ್ಟಿಗೆ ಹೋಗಿ ನೋಡೋಣ. ನೀವು ಓದಿದ್ದನ್ನೇ ನಾನು ಓದಿರ್ತೀನಿ, ಆಮೇಲೆ ಜಗಳ ಆಡೋಣ."

ಅವರು ಕಾಫಿಯ ಲೋಟವನ್ನು ಮೇಜಿನ ಮೇಲಿಟ್ಟರು. "ಸರ, ನಿಮ್ಮ ಘೋಷಣೆ ಓದಿದಾಗಿಂದ ಒಂದ ಮಾತ ಕೊರಿಯಾಕತ್ತೇತಿ. ನಂದೂ ಎಳ್ಳು ಐತ್ರಿ."

"ಅಂದ್ರೆ?"

"ನಮ್ಮ ಕಾಕಾ ಅದ ಶೆಡ್ಡಿನ್ಯಾಗ ಇದ್ದಾಂವ್ರಿ. ಫ್ಯಾಕ್ಟರಿ ಕೂಲಿ. ಆ ಸಹಿ ಆದಮ್ಯಾಲ ಅರ್ಧಾ ಮಂದಿಗೆ ಸೈಟ್ ಬಂತು, ಅವನಿಗೆ ಬರ್ಲಿಲ್ಲ. ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಊರಿಗೆ ಬಂದುಬಿಟ್ಟ. ಸಾಯೋತನಕ ಆ ಕಾರ್ಯದರ್ಶಿ ಹೆಸರ ತಗೊಂಡ ಬೈತಿದ್ದ. ನಾ ಆ ಬೈಗುಳಾ ಕೇಳ್ಕೋತ ಬೆಳದಾಂವ."

ಪಕ್ಷಕ್ಕಾಗಿ ಜಗಳಾಡುವ ಹುಡುಗ ಎಂದು ನಾನು ಅವರನ್ನು ಅಂದಾಜು ಮಾಡಿದ್ದೆ. ಅದೇ ಸಂಜೆ ಅವರು ಚರ್ಚಾ ಪುಟದಲ್ಲಿ ತಮ್ಮ ಕಾಕಾನ ವಿಷಯ ಬರೆದು, ತಾವೂ ಇನ್ನು ಪುಟವನ್ನು ನೇರವಾಗಿ ತಿದ್ದುವುದಿಲ್ಲ ಎಂದು ಸಹಿ ಮಾಡಿದರು. ನನ್ನ ಘೋಷಣೆಯ ಕೆಳಗೆ ಅವರದು ಬಂದು ನಿಂತದ್ದನ್ನು ನೋಡಿ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ.

ಮುಂದಿನ ಶನಿವಾರ ನೇರಳೆ ಮಾರ್ಗದ ಮೆಟ್ರೋ ಹಿಡಿದು ನಗರದ ಮಧ್ಯದ ಹಳೆಯ ಗ್ರಂಥಾಲಯಕ್ಕೆ ಹೋದೆವು. ಹಳೆಯ ಪತ್ರಿಕೆಗಳನ್ನು ಅಲ್ಲಿ ತಿಂಗಳಿಗೊಂದರಂತೆ ಬೈಂಡ್ ಮಾಡಿಸಿ ಇಟ್ಟಿದ್ದಾರೆ. ಸಿಬ್ಬಂದಿಯವರು ಸಂಪುಟಗಳನ್ನು ತಂದು ಉದ್ದನೆಯ ಮೇಜಿನ ಮೇಲೆ ಹಾಕಿ, "ಹುಷಾರು ಸಾರ್, ಅಂಚು ಹಿಡೀಬೇಡಿ, ಉದುರುತ್ತೆ" ಎಂದರು. ಹಾಳೆಯ ಕೆಳಗೆ ಅಂಗೈ ಕೊಟ್ಟು ಮಗುಚಿ ಹಾಕಬೇಕು. ವಕೀಲರು ಬೇಗ ಕಲಿತರು.

ನಾಲ್ಕೂ ವರದಿಗಳು ಸಿಕ್ಕವು. ಸ್ಮರಣ ಸಂಚಿಕೆ ಏನನ್ನೂ ತಿರುಚಿರಲಿಲ್ಲ. ಸಭೆ ನಡೆಯಿತು, ಭಾರಿ ಜನ ಸೇರಿದ್ದರು, ಕಾರ್ಯದರ್ಶಿಯನ್ನು ಖಂಡಿಸುವ ಗೊತ್ತುವಳಿಗೆ ಜನ ಕೈಯೆತ್ತಿ ಒಪ್ಪಿಗೆ ಕೊಟ್ಟರು, ಆಹ್ವಾನವಿದ್ದರೂ ಕಾರ್ಯದರ್ಶಿ ಬರಲಿಲ್ಲ. "ನೋಡ್ರಿ ಸರ" ಎಂದರು ವಕೀಲರು, ಮೆಲ್ಲಗೆ.

ನಾನು ನಾಲ್ಕನ್ನೂ ಅಕ್ಕಪಕ್ಕದಲ್ಲಿ ತೆರೆದಿಟ್ಟುಕೊಂಡು ಮತ್ತೆ ಓದಿದೆ. ಮೊದಲ ವಾಕ್ಯ ನಾಲ್ಕರಲ್ಲೂ ಒಂದೇ. ಮಾತನಾಡಿದವರ ಹೆಸರುಗಳು ಅದೇ ಅನುಕ್ರಮದಲ್ಲಿ. ಒಂದು ಪತ್ರಿಕೆ ಕೊನೆಯ ಪ್ಯಾರಾ ಕತ್ತರಿಸಿತ್ತು, ಇನ್ನೊಂದು ಶೀರ್ಷಿಕೆ ಬದಲಿಸಿತ್ತು, ಅಷ್ಟೇ ವ್ಯತ್ಯಾಸ. ಯಾವುದರ ತಲೆಯ ಮೇಲೂ 'ನಮ್ಮ ಪ್ರತಿನಿಧಿಯಿಂದ' ಎಂಬ ಸಾಲಿರಲಿಲ್ಲ.

ಪಕ್ಷದ ಕಚೇರಿಗಳಿಂದ ಬರುತ್ತಿದ್ದ ಪತ್ರಿಕಾ ಪ್ರಕಟಣೆಯನ್ನು ಡೆಸ್ಕಿನಲ್ಲಿ ಕುಳಿತವನು ವಾಸನೆಯಿಂದಲೇ ಗುರುತಿಸುತ್ತಾನೆ. ಸಂಜೆಯ ಸಭೆ ಮುಗಿಯುವ ಹೊತ್ತಿಗೆ ಒಳಪುಟಗಳು ಅಚ್ಚಿಗೆ ಹೋಗಿಬಿಡುತ್ತಿದ್ದವು. ಹಾಗಾಗಿ ಸಂಘಟಕರು ಮಧ್ಯಾಹ್ನವೇ ಪ್ರಕಟಣೆ ಟೈಪು ಮಾಡಿಸಿ ಪ್ರತಿಗಳನ್ನು ಎಲ್ಲ ಕಚೇರಿಗೂ ಮುಟ್ಟಿಸುತ್ತಿದ್ದರು. ಇನ್ನೂ ನಡೆಯಬೇಕಾದ ಸಭೆ ಅದರಲ್ಲಿ ನಡೆದುಹೋಗಿರುತ್ತಿತ್ತು, ಸೇರದ ಜನ ಸೇರಿರುತ್ತಿದ್ದರು, ಚಪ್ಪಾಳೆಯೂ ಬಿದ್ದಿರುತ್ತಿತ್ತು. ಇದರಲ್ಲಿ ಮೋಸವೇನೂ ಇರಲಿಲ್ಲ, ಎಲ್ಲ ಪಕ್ಷದವರೂ ಹಾಗೆಯೇ ಮಾಡುತ್ತಿದ್ದರು. ಸಭೆಗಳು ಸಾಮಾನ್ಯವಾಗಿ ನಡೆದೇ ನಡೆಯುತ್ತಿದ್ದವು.

ಇದನ್ನು ಅಲ್ಲಿ ಹೇಳಲಿಲ್ಲ. ನನ್ನ ಅನುಭವದ ಮಾತು ವಕೀಲರಿಗೆ ಎಳ್ಳಿನ ಮಾತಾಗಿಯೇ ಕೇಳಿಸುತ್ತಿತ್ತು. ಡೆಸ್ಕಿನವರಿಗೆ ಇರುವ ಇನ್ನೊಂದು ಚಟವನ್ನು ಮಾಡಿದೆ. ಬೇಕಾದ ಸುದ್ದಿ ಸಿಕ್ಕ ಮೇಲೂ ಅದೇ ದಿನದ ಉಳಿದ ಪುಟಗಳನ್ನು ಓದುತ್ತಾ ಹೋದೆ. ಎರಡು ಪತ್ರಿಕೆಗಳಲ್ಲಿ ಏನೂ ಇರಲಿಲ್ಲ. ಮೂರನೆಯದರ ನಗರ ಪುಟದಲ್ಲಿ, ನೀರಿನ ಕೊಳವೆ ಒಡೆದ ಸುದ್ದಿಯ ಕೆಳಗೆ, ಒಂದು ಕಿರುಸುದ್ದಿ ಇತ್ತು. ಮೇಲೆ 'ನಮ್ಮ ಪ್ರತಿನಿಧಿಯಿಂದ'. ನಿವೇಶನ ಹೋರಾಟ ಸಮಿತಿಯ ಸಭೆಗೆ ಪೊಲೀಸರು ಕೊನೆ ಗಳಿಗೆಯಲ್ಲಿ ಅನುಮತಿ ನಿರಾಕರಿಸಿದರು. ಮೈದಾನಕ್ಕೆ ಬಂದಿದ್ದ ಜನರನ್ನು ಹಿಂದೆ ಕಳಿಸಲಾಯಿತು. ಮುಂದಿನ ದಿನಾಂಕವನ್ನು ತಿಳಿಸುವುದಾಗಿ ಸಂಘಟಕರು ಹೇಳಿದರು.

ಬೆರಳಿಟ್ಟು ತೋರಿಸಿದೆ. ವಕೀಲರು ಓದಿದರು, ಮತ್ತೆ ಓದಿದರು. ಪುಟ ಮಗುಚಿ ಪತ್ರಿಕೆಯ ಹೆಸರು, ತಾರೀಖು ನೋಡಿದರು.

"ಸರ, ಪೇಪರ್ ಒಂದ. ಒಂದ ಪುಟದಾಗ ಸಭಾ ಆಗೇತಿ, ಇನ್ನೊಂದ ಪುಟದಾಗ ಆಗಿಲ್ಲ."

"ಹೌದು."

"ಇದ ಹೆಂಗ ಆಗ್ತೈತ್ರಿ?"

ಆಗ ಹೇಳಿದೆ. ಒಳಪುಟ ನೋಡುವವರು ಬೇರೆ, ರಾತ್ರಿ ತಡವಾಗಿ ಅಚ್ಚಿಗೆ ಹೋಗುವ ನಗರ ಪುಟ ನೋಡುವವರು ಬೇರೆ, ಒಬ್ಬರದನ್ನು ಇನ್ನೊಬ್ಬರು ಬೆಳಿಗ್ಗೆ ಮನೆಯಲ್ಲಿ ಓದುತ್ತಿದ್ದರು. ಪ್ರಕಟಣೆಯ ಪದ್ಧತಿಯನ್ನೂ ಹೇಳಿದೆ.  ಸಭೆ ಮುಂದೆ ಯಾವತ್ತಾದರೂ ನಡೆದಿರಬಹುದಲ್ಲ ಎಂದು ವಕೀಲರೇ ಎದ್ದು ಮುಂದಿನ ತಿಂಗಳುಗಳ ಸಂಪುಟ ತರಿಸಿದರು. ಗ್ರಂಥಾಲಯ ಮುಚ್ಚುವವರೆಗೆ ಹುಡುಕಿದೆವು. ಅಂಥ ಸಭೆಯ ಸುದ್ದಿ ಕಾಣಲಿಲ್ಲ. ಒಪ್ಪಂದದ ಸುದ್ದಿ ಸಿಕ್ಕಿತು. ಕಾರ್ಯದರ್ಶಿ ಸಹಿ ಹಾಕಿದ್ದು, ಮೊದಲ ಪಟ್ಟಿಯವರಿಗೆ ನಿವೇಶನವೆಂದದ್ದು, ಉಳಿದವರಿಗೆ 'ಮುಂದೆ ಪರಿಶೀಲನೆ' ಎಂದದ್ದು, ಎಲ್ಲವೂ ಅದರಲ್ಲಿತ್ತು. ಅದು 'ನಮ್ಮ ಪ್ರತಿನಿಧಿಯಿಂದ'.

ಮೈದಾನಕ್ಕೆ ಹೋದ ಆ ವರದಿಗಾರ ಯಾರೋ ತಿಳಿಯದು. ಆ ಪತ್ರಿಕೆಯಲ್ಲಿ ನಾನು ಕೆಲಸ ಮಾಡಿದವನಲ್ಲ. ಪ್ರಕಟಣೆ ಕೈಯಲ್ಲಿದ್ದರೂ ನಂಬದೆ, ಬಸ್ಸು ಹತ್ತಿಯೋ ಸೈಕಲ್ ತುಳಿದೋ ಹೋಗಿ, ಖಾಲಿಯಾದ ಮೈದಾನ ನೋಡಿ ಬಂದು ಅಷ್ಟು ಸಾಲು ಬರೆದ. ಹೆಸರಿಲ್ಲ, ಶೀರ್ಷಿಕೆಯೂ ಸಣ್ಣದು. ಮರಳುವಾಗ ಮೆಟ್ರೋದಲ್ಲಿ ನನ್ನ ವೃತ್ತಿಯ ಬಗ್ಗೆ ಬಹಳ ದಿನಗಳ ನಂತರ ಎದೆ ತುಂಬಿ ಬಂತು.

ಮನೆಗೆ ಬಂದ ಮೇಲೆ ಕಷ್ಟ ಶುರುವಾಯಿತು. ವಿಷಯ ಕೇಳಿ ಉಪನ್ಯಾಸಕಿ ಪಾರ್ಕಿನಿಂದ ನೇರ ನಮ್ಮ ಮನೆಗೆ ಬಂದರು.

"ಅಂದ್ರೆ ಸಭೆ ನಡೆದೇ ಇಲ್ಲ. ನಡೆದೇ ಇಲ್ಲ ಅಂತ ಬರೆಸಿ ಸಾರ್. ಸುಳ್ಳು ವರದಿ ಅಂತ ಬರೆಸಿ."

"ಹಾಗೆ ಬರೆಯೋ ಹಾಗಿಲ್ಲಮ್ಮ. ಒಂದು ಪತ್ರಿಕೆ ನಡೀಲಿಲ್ಲ ಅಂತ ಹೇಳಿದೆ. ಅಷ್ಟನ್ನ ಬರೀಬಹುದು."

"ಪ್ರೆಸ್ ನೋಟ್ ಮುಂಚೆನೇ ಬರ್ತಿತ್ತು ಅಂತ ನಿಮಗೆ ಗೊತ್ತಲ್ಲ. ಡೆಸ್ಕಲ್ಲಿ ಕೂತಿದ್ದೋರು ನೀವೇ ಅಲ್ವಾ?"

"ನನಗೆ ಗೊತ್ತಿರೋದು ಉಲ್ಲೇಖ ಅಲ್ಲ."

"ಸಾರ್, ನಿಮಗೆ ಸತ್ಯ ಮುಖ್ಯನೋ, ರೂಲ್ಸ್ ಮುಖ್ಯನೋ?"

ಹೆಂಡತಿ ಕಾಫಿ ತಂದಿಟ್ಟು, "ಕೇಳು, ಕೇಳು. ನಾನು ಮದುವೆ ಆದಾಗಿನಿಂದ ಕೇಳ್ತಿದೀನಿ" ಎಂದಳು.

ಉತ್ತರ ಕೊಡಲು ಯತ್ನಿಸಿದೆ. ನಾನು ಈ ದಿನ ನನ್ನ ಅನುಭವದ ಬಲದಿಂದ ಅವರ ತಂದೆಯ ಪರವಾಗಿ ಒಂದು ತೀರ್ಮಾನ ಬರೆದರೆ, ನಾಳೆ ಇನ್ನೊಬ್ಬರು ತಮ್ಮ ಅನುಭವದ ಬಲದಿಂದ ಇನ್ಯಾರದೋ ತಂದೆಯ ವಿರುದ್ಧ ಬರೆಯುತ್ತಾರೆ. ಸಂಪಾದಕರ ಸ್ವಂತ ತೀರ್ಮಾನಕ್ಕೆ ಪುಟದಲ್ಲಿ ಜಾಗವಿಲ್ಲ ಎಂಬ ನಿಯಮ ಇರುವುದು ಅದಕ್ಕೇ. ಆಕೆ ಕಾಫಿ ಅರ್ಧ ಬಿಟ್ಟು ಎದ್ದು ಹೋದರು. ಹಲವು ದಿನ ಪಾರ್ಕಿಗೂ ಬರಲಿಲ್ಲ. ಹೆಂಡತಿ ಒಬ್ಬಳೇ ಸುತ್ತು ಹಾಕಿ ಬಂದು ನನ್ನ ಮೇಲೆ ಮುನಿಸು ತೋರಿಸುತ್ತಿದ್ದಳು.

ವಕೀಲರ ಪಾಡೂ ಸುಖವಾಗಿರಲಿಲ್ಲ. ಗ್ರಂಥಾಲಯದಲ್ಲಿ ಕಂಡದ್ದನ್ನು ಅವರು ಚರ್ಚಾ ಪುಟದಲ್ಲಿ ಹೇಳಿದ ದಿನ ಫೋನ್ ಮಾಡಿದರು. "ಸರ, ನಮ್ಮ ಪಾರ್ಟಿ ಗ್ರೂಪಿನ್ಯಾಗ ಈಗ ದ್ರೋಹಿ ಅಂದ್ರ ನಾನ ರೀ. ಎಳ್ಳಿನ ಸರ ಇವನಿಗೂ ಎಳ್ಳ ತಿನಿಸ್ಯಾರ ಅನ್ನಾಕತ್ತಾರ."

"ಬೇಜಾರಾಯ್ತಾ?"

"ಬ್ಯಾಸರ ಆತ್ರಿ. ಆದ್ರ ಓದಿದ್ದನ್ನ ಓದಿಲ್ಲ ಅನ್ನಾಕ ಬರಂಗಿಲ್ಲಲ್ರಿ."

ಪುಟದಲ್ಲಿ ಏನು ಬರೆಯಬೇಕು ಎಂಬ ಚರ್ಚೆ ನಿಂತ ನೀರಾಗಿತ್ತು. ನಾಲ್ಕು ಪತ್ರಿಕೆ ಒಂದು ಕಡೆ, ಒಂದು ಕಿರುಸುದ್ದಿ ಇನ್ನೊಂದು ಕಡೆ. ಎಣಿಸಿ ನೋಡುವವರಿಗೆ ನಾಲ್ಕೇ ಹೆಚ್ಚು. ಕಿರುಸುದ್ದಿಯನ್ನು ಅಡಿಟಿಪ್ಪಣಿಗೆ ತಳ್ಳಿದರೆ ಸಾಕು ಎಂದು ಕೆಲವರು ವಾದಿಸಿದರು. ನಾನು ಪ್ರತಿವಾದ ಹೂಡಿದರೆ ಎಳ್ಳಿನ ಋಣ ಎನ್ನುತ್ತಿದ್ದರು. ಕರಾವಳಿಯ ನಿರ್ವಾಹಕರು ಬೀಗವನ್ನು ಇನ್ನಷ್ಟು ದಿನ ಮುಂದುವರಿಸಿದರು.

ಗಂಟು ಬಿಡಿಸಿದವರು ವಕೀಲರು. ಒಂದು ಬೆಳಿಗ್ಗೆ ಚರ್ಚಾ ಪುಟದಲ್ಲಿ ಅವರ ಬರಹ ಇತ್ತು. ನಾಲ್ಕೂ ವರದಿಗಳನ್ನು ಸಾಲು ಸಾಲಾಗಿ ಎದುರುಬದುರು ಇಟ್ಟು ತೋರಿಸಿ, ಕೆಳಗೆ ಬರೆದಿದ್ದರು: 'ನಾಲ್ವರು ಸಾಕ್ಷಿಗಳು ಒಬ್ಬನ ಬಾಯಿಂದ ಕೇಳಿದ್ದನ್ನು ಅದೇ ಪದಗಳಲ್ಲಿ ಹೇಳಿದರೆ ನ್ಯಾಯಾಲಯ ನಾಲ್ಕು ಎಂದು ಎಣಿಸುವುದಿಲ್ಲ. ಇದನ್ನು ಲೇಖನದಲ್ಲಿ ಬರೆಯಬೇಕಿಲ್ಲ, ಬರೆಯಲೂ ಬಾರದು. ಆದರೆ ಯಾವ ಆಧಾರಕ್ಕೆ ಎಷ್ಟು ತೂಕ ಎಂದು ಸಂಪಾದಕರಾದ ನಾವು ಇಲ್ಲಿ ಚರ್ಚಿಸಬಹುದು. ನನ್ನ ಲೆಕ್ಕದಲ್ಲಿ ಇಲ್ಲಿರುವುದು ಎರಡು ಆಧಾರ. ಎರಡೂ ಮುಖ್ಯ ಪಠ್ಯದಲ್ಲಿ ಸಮನಾಗಿ ಬರಲಿ. ಸಹಿಯೂ ಬರಲಿ. ನಿವೇಶನ ಸಿಗದವರೂ ಬರಲಿ. ಅವರನ್ನು ಎರಡೂ ಪಕ್ಷದವರು ಮರೆತಿದ್ದಾರೆ.'

ನಾನು ಡೆಸ್ಕಿನಲ್ಲಿದ್ದಾಗ ಇಂಥ ಬರಹ ಬಂದರೆ ಒಂದಕ್ಷರ ಮುಟ್ಟದೆ ಕಳಿಸುತ್ತಿದ್ದೆ. ಕೊನೆಯ ಎರಡು ವಾಕ್ಯಗಳ ಬಗ್ಗೆ ಯಾರೂ ವಾದಿಸಲಿಲ್ಲ. ಕರಡು ಸಿದ್ಧವಾಯಿತು:

'ಸಮಿತಿಯ ಪರವಾಗಿ ಕಾರ್ಯದರ್ಶಿ ಒಪ್ಪಂದಕ್ಕೆ ಸಹಿ ಹಾಕಿದರು. ಅದರಂತೆ ಮೊದಲ ಪಟ್ಟಿಯ ಕುಟುಂಬಗಳಿಗೆ ನಿವೇಶನ ಸಿಕ್ಕಿತು. ಉಳಿದ ಕುಟುಂಬಗಳ ಬೇಡಿಕೆಯನ್ನು ಮುಂದೆ ಪರಿಶೀಲಿಸುವುದಾಗಿ ಒಪ್ಪಂದ ಹೇಳಿತು. ಅಧ್ಯಕ್ಷರ ಪಕ್ಷದ ಸ್ಮರಣ ಸಂಚಿಕೆ ಈ ಒಪ್ಪಂದವನ್ನು ದ್ರೋಹವೆಂದು ಕರೆದಿದೆ. ಮೈದಾನದ ಸಭೆಯೊಂದು ಕಾರ್ಯದರ್ಶಿಯನ್ನು ಖಂಡಿಸಿತೆಂದು ನಾಲ್ಕು ಪತ್ರಿಕೆಗಳು ಪ್ರಕಟಿ‌ಸಿದವು. ಸಭೆಗೆ ಪೊಲೀಸರು ಅನುಮತಿ ಕೊಡಲಿಲ್ಲವೆಂದೂ ಬಂದಿದ್ದ ಜನರನ್ನು ಹಿಂದೆ ಕಳಿಸಲಾಯಿತೆಂದೂ ಅವುಗಳಲ್ಲೇ ಒಂದು ಪತ್ರಿಕೆ ಅದೇ ದಿನ ವರದಿ ಮಾಡಿತು.'

ಧೈರ್ಯದ ಮಾತು ಹೋಯಿತು. ಅದಕ್ಕೆ ಆಧಾರ ಯಾವತ್ತೂ ಇರಲಿಲ್ಲ.

ಕರಡನ್ನು ಮುದ್ರಿಸಿ ಉಪನ್ಯಾಸಕಿಯ ಮನೆಗೆ ನಾನೇ ಒಯ್ದೆ. ಬಸವೇಶ್ವರನಗರದ ಅವರ ಮನೆಯ ವರಾಂಡದಲ್ಲಿ ನಿಂತೇ ಓದಿದರು. 'ಉಳಿದ ಕುಟುಂಬಗಳ' ಎಂಬಲ್ಲಿ ಬೆರಳು ನಿಂತಿತು.

"ಇದು ಬೇಕೇ ಬೇಕಾ ಸಾರ್?"

"ಬೇಕು. ಆ ವಕೀಲರ ಚಿಕ್ಕಪ್ಪ ಆ ಉಳಿದವರಲ್ಲಿ ಒಬ್ಬರು."

ಚರ್ಚಾ ಪುಟದಲ್ಲಿ ಅವರು ಅದನ್ನು ಓದಿದ್ದರು. ಆದರೂ ಮತ್ತೊಮ್ಮೆ ಕೇಳಿದವರ ಹಾಗೆ ತಲೆಯಾಡಿಸಿದರು. "ಅಪ್ಪನೂ ಅದನ್ನೇ ಹೇಳ್ತಿದ್ರು. ಅರ್ಧ ಜನಕ್ಕೆ ಸಿಕ್ತು ಅಂತ ಯಾವತ್ತೂ ಹೇಳ್ತಿರ್ಲಿಲ್ಲ. ಅರ್ಧ ಜನಕ್ಕೆ ಸಿಗಲಿಲ್ಲ ಅಂತಾನೇ." ಆ ದಿನವೇ ಚರ್ಚಾ ಪುಟದಲ್ಲಿ 'ಆಕ್ಷೇಪವಿಲ್ಲ' ಎಂದು ಬರೆದರು. ಅದರ ಮೇಲೆಯೇ ವಕೀಲರ 'ಒಪ್ಪಿಗೆ' ಇತ್ತು. ಕರಾವಳಿಯ ನಿರ್ವಾಹಕರು ಬೀಗ ತೆಗೆದು, ಕರಡನ್ನು ಪುಟಕ್ಕೆ ಹಾಕಿದರು. ಚುನಾವಣೆ ಬಂದು ಹೋಯಿತು. ಆ ಪ್ಯಾರಾವನ್ನು ಅಳಿಸಲು ಯತ್ನಗಳು ನಡೆದವು, ಪ್ರತಿ ಸಲವೂ ನಾನು ನೋಡುವ ಮೊದಲೇ ಬೇರೆ ಯಾರೋ ಚರ್ಚಾ ಪುಟದ ಕಡೆಗೆ ಬೆರಳು ತೋರಿಸಿ ಮರಳಿ ಹಾಕಿದ್ದರು. ಅವರಲ್ಲಿ ಯಾರನ್ನೂ ನಾನು ಬಲ್ಲವನಲ್ಲ.

ಕೆಲವು ತಿಂಗಳ ನಂತರ ಉಪನ್ಯಾಸಕಿ ನನ್ನನ್ನೂ ಹೆಂಡತಿಯನ್ನೂ ಬ್ಯಾಡರಹಳ್ಳಿಯ ತಮ್ಮನ ಮನೆಗೆ ಕರೆದೊಯ್ದರು. ಅವರ ತಾಯಿ ಅಲ್ಲಿರುವುದು. ಎಂಬತ್ತು ದಾಟಿದ ಜೀವ, ಹಣೆಯಲ್ಲಿ ವಿಭೂತಿ, ಕಿವಿ ಚುರುಕು. "ಅದೇನೋ ಬರ್ದಿದಾರಂತಲ್ಲ, ಓದೇ" ಎಂದರು ಮಗಳಿಗೆ. ಮಗಳು ಫೋನಿನಲ್ಲಿ ಪುಟ ತೆರೆದು ಆ ಪ್ಯಾರಾ ಓದಿದರು. ಮುದುಕಿ ಕಣ್ಣು ಮುಚ್ಚಿ ಕೇಳಿ, ಪೊಲೀಸರ ಮಾತು ಬಂದಾಗ ಕಣ್ಣು ಬಿಟ್ಟರು.

"ಅವತ್ತು ಮೈದಾನಕ್ಕೆ ಹೋಗಿದ್ರಲ್ಲೇ ನಿಮ್ಮಪ್ಪ."

"ಹೋಗಿದ್ರಾ?"

"ಹೂಂ ಮತ್ತೆ. ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕ್ಕೊಂಡು ಹೋದ್ರು. ಬೈದ್ರೆ ಬೈಯಲಿ, ಎದುರಿಗೆ ನಿಂತು ಬೈಸ್ಕೋತೀನಿ ಅಂತ. ಹೋದ ಹಾಗೇ ವಾಪಸ್ ಬಂದ್ರು. ಎಲ್ರನ್ನೂ ಕಳಿಸಿಬಿಟ್ಟಿದಾರೆ, ಪೊಲೀಸ್ರು ಬಿಟ್ರೆ ಒಂದು ನರಪಿಳ್ಳೆ ಇಲ್ಲ ಕಣೇ ಅಂದ್ರು. ಬೆಳಿಗ್ಗೆ ಪೇಪರ್ ನೋಡಿ ನಕ್ಕುಬಿಟ್ರು. ಆಮೇಲೆ ಊಟ ಮಾಡ್ಲಿಲ್ಲ."

"ಯಾಕಮ್ಮ ಇಷ್ಟು ದಿನ ಹೇಳ್ಲಿಲ್ಲ?"

"ಯಾರು ಕೇಳಿದ್ರು?"

ಉಪನ್ಯಾಸಕಿ ನನ್ನ ಕಡೆ ತಿರುಗಿದರು. ಬಾಯಿ ತೆರೆದೆ. ಮಾತು ಹೊರಬರುವ ಮೊದಲೇ ಅವರು ಕೈ ಅಡ್ಡ ಮಾಡಿದರು. "ಗೊತ್ತು ಸಾರ್. ಉಲ್ಲೇಖ ಇಲ್ಲ." ಹೇಳಿ, ಫೋನನ್ನು ಮಡಿಲಲ್ಲಿ ಮಗುಚಿಟ್ಟು, ತಾಯಿಯ ಕೈ ಹಿಡಿದುಕೊಂಡರು. ಆ ಪುಟ ಇವತ್ತಿಗೂ ಹಾಗೆಯೇ ಇದೆ. ಆ ಇಸ್ತ್ರಿ ಅಂಗಿ ಅದರಲ್ಲಿಲ್ಲ. ಇಲ್ಲದಿರುವುದಕ್ಕೆ ನನಗೆ ಸಂಕಟವಿದೆ, ಹೆಮ್ಮೆಯೂ ಇದೆ. ಹೆಮ್ಮೆ ಹೆಚ್ಚು.

ಸಂಕ್ರಾಂತಿ ಬಂತು. ಬೆಳಿಗ್ಗೆ ಉಪನ್ಯಾಸಕಿ ಎಂದಿನಂತೆ ಎಳ್ಳು, ಸಕ್ಕರೆ ಅಚ್ಚು ತಂದು ಹೆಂಡತಿಗೆ ಕೊಟ್ಟು ಹೋದರು. ಮಧ್ಯಾಹ್ನ ವಕೀಲರು ಬೈಕಿನಲ್ಲಿ ಬಂದು, ಊರಿನಿಂದ ಕಾಕಾನ ಹೆಂಡತಿ ಕಳಿಸಿದ್ದೆಂದು ಒಂದು ಡಬ್ಬಿ ಕುಸುರೆಳ್ಳು ಕೈಗಿಟ್ಟರು. "ಸರ, ಇದನ್ನೂ ಬರೀರಿ ಮತ್ತ" ಎಂದು ನಗುತ್ತಾ ಒಳಗೆ ಬಂದರು. ಅವರಿಗೆ ಊಟಕ್ಕೆ ಎಲೆ ಹಾಕುವಷ್ಟರಲ್ಲಿ ನಾನು ಕಂಪ್ಯೂಟರ್ ತೆರೆದು, ಚರ್ಚಾ ಪುಟದ ನನ್ನ ಹಳೆಯ ಘೋಷಣೆಯ ಕೆಳಗೆ ಒಂದು ಸಾಲು ಸೇರಿಸಿ ಸಹಿ ಹಾಕಿದೆ:

'ಈ ವರ್ಷ ಎರಡೂ ಕಡೆಯಿಂದ ಬಂದಿದೆ.'